ಬಾವಿ ಮುಚ್ಚಿದರೂ ಭಯ, ಬಿಟ್ಟರೂ ಭಯ

1982ರ ಜುಲೈಯಲ್ಲಿ ಬಾಂಬೆ ಹೈಯ ‘ಸಾಗರ ವಿಕಾಸ್’ ರಿಗ್‌ನಲ್ಲಿ ತೈಲಬಾವಿ ಸಿಡಿದುದನ್ನು ಮುಂಬಯಿಯ ಹಿರಿಯ ಕನ್ನಡಿಗರು ಮರೆತಿರಲಾರರು. ಅಲ್ಲಿ ಕಡಲಿನ ಆಳ ನೂರು ಮೀಟರಿಗೂ ಕಡಿಮೆ. ಆದರೆ 2010ರ ಎಪ್ರಿಲ್ 20ರಂದು ಅಮೆರಿಕದ ಲೂಸಿಯಾನಾ ತೀರದಾಚೆ ‘ಡೀಪ್‌ವಾಟರ್ ಹೊರೈಜನ್’ ರಿಗ್ ಸ್ಫೋಟಗೊಂಡು 11 ಮಂದಿ ಮೃತಪಟ್ಟಾಗ, ಸೋರತೊಡಗಿದ ಬಾವಿಯ ಬಾಯಿ ಇದ್ದುದು ಸುಮಾರು 1,500 ಮೀಟರ್ ಆಳದಲ್ಲಿ. ಮುಳುಗುಗಾರರು ಇಳಿಯಲಾಗದ ಜಾಗವದು. ಕೆಲಸವೆಲ್ಲ ಮೇಲಿನಿಂದ ನಡೆಸುವ ಯಂತ್ರಗಳದ್ದೇ.

ಬಿ.ಪಿ. ಕಂಪೆನಿ ಮೇ ತಿಂಗಳಲ್ಲಿ ಇಳಿಸಿದ ಉಕ್ಕಿನ ಗುಮ್ಮಟದೊಳಗೆ ಅನಿಲವೂ ನೀರೂ ಸೇರಿ ಮಂಜಿನಂತೆ ಹೆಪ್ಪುಗಟ್ಟಿ ದಾರಿ ಕಟ್ಟಿಕೊಂಡಿತು. ಬಳಿಕ ಭಾರದ ಕೆಸರನ್ನು ಒತ್ತಿದ್ದಾಯಿತು, ಗಾಲ್ಫ್ ಚೆಂಡು, ರಬ್ಬರ್ ಚೂರುಗಳನ್ನು ತುರುಕಿದ್ದೂ ಆಯಿತು. ತೈಲ ನಿಲ್ಲಲಿಲ್ಲ. ಸಾರ್ವಜನಿಕರಿಂದ ಲಕ್ಷಕ್ಕೂ ಮಿಕ್ಕಿ ಸಲಹೆಗಳು ಬಂದವು. ಅಣುಬಾಂಬ್ ಸಿಡಿಸಿ ಬಾವಿ ಮುಚ್ಚಿಬಿಡಿ ಎಂದವರೂ ಉಂಟು! 1966ರಲ್ಲಿ ಸೋವಿಯತ್ ಒಕ್ಕೂಟವು ಉಜ್ಬೇಕಿಸ್ತಾನದಲ್ಲಿ ಉರಿಯುತ್ತಿದ್ದ ಅನಿಲ ಬಾವಿಯನ್ನು ಹಾಗೆಯೇ ಮುಚ್ಚಿತ್ತು. ಆದರೆ ಅದು ನೆಲದ ಮೇಲಿನ ಬಾವಿ. ಅಮೆರಿಕ ಸರ್ಕಾರ ಈ ಮಾತಿಗೆ ಸೊಪ್ಪು ಹಾಕಲಿಲ್ಲ.

ನಿಜವಾದ ಇಕ್ಕಟ್ಟು ಎದುರಾದದ್ದು ಜುಲೈ 15ರಂದು, ಹೊಸ ಮುಚ್ಚಳದ ಕವಾಟಗಳನ್ನು ಬಿಗಿದು 87 ದಿನಗಳ ಸೋರಿಕೆ ನಿಂತ ಮೇಲೆ. ಒಳಗಿನ ಒತ್ತಡ ನಿರೀಕ್ಷಿಸಿದಷ್ಟು ಏರಲಿಲ್ಲ. ಕೆಳಗೆ ಕೊಳವೆ ಒಡೆದಿದ್ದರೆ ತೈಲ ಕಡಲತಳವನ್ನೇ ಸೀಳಿಕೊಂಡು ಬಂದೀತು. ಆಗ ಯಾವ ಮುಚ್ಚಳಕ್ಕೂ ಅದು ದಕ್ಕುವಂಥದಲ್ಲ. ಇಂಧನ ಸಚಿವ, ನೊಬೆಲ್ ಪುರಸ್ಕೃತ ವಿಜ್ಞಾನಿ ಸ್ಟೀವನ್ ಚು ಅವರ ತಂಡದಲ್ಲೂ ಮುಚ್ಚಳ ತೆರೆಯುವುದೇ ಲೇಸೆಂಬ ಮಾತು ಬಂತು. ತೆರೆದರೆ ಮತ್ತೆ ದಿನಕ್ಕೆ 50 ಸಾವಿರ ಬ್ಯಾರೆಲ್‌ನಷ್ಟು ತೈಲ ಕಡಲಿಗೆ. ಆ ರಾತ್ರಿ ಭೂವಿಜ್ಞಾನ ಇಲಾಖೆಯ ಪಾಲ್ ಶೇ ಎಂಬ ವಿಜ್ಞಾನಿ ಮೊಬೈಲ್‌ನಲ್ಲಿ ಬಂದ ಒತ್ತಡದ ನಕ್ಷೆಯ ಚಿತ್ರವನ್ನು ನೋಡಿ ಬೆಳಗಿನವರೆಗೂ ಲೆಕ್ಕ ಹಾಕಿದರು. ಮೂರು ತಿಂಗಳು ಹರಿದು ಕೆಳಗಿನ ತೈಲವೇ ಇಳಿದಿರುವುದರಿಂದ ಒತ್ತಡ ಕಡಿಮೆಯಾಗಿದೆ, ಬಾವಿ ಒಡೆದಿಲ್ಲ ಎಂಬುದು ಅವರ ನಿಲುವು. ಮುಚ್ಚಳ ಹಾಗೆಯೇ ಉಳಿಯಿತು. ಅವರ ಲೆಕ್ಕ ತಪ್ಪಲಿಲ್ಲ.

ಆಗಸ್ಟ್‌ನಲ್ಲಿ ಮೇಲಿನಿಂದ ಸಿಮೆಂಟ್ ತುಂಬಿದ ನಂತರ, ಪಕ್ಕದಿಂದ ಕೊರೆಯುತ್ತಿದ್ದ ಬಾವಿ ಇನ್ನೇಕೆ ಎಂಬ ಪ್ರಶ್ನೆ ಎದ್ದಿತು. ಕಾರ್ಯಾಚರಣೆಯ ಮುಖ್ಯಸ್ಥ ಥಾಡ್ ಅಲೆನ್ ಪಟ್ಟು ಬಿಡಲಿಲ್ಲ. ಆ ದಾರಿಯಲ್ಲೂ ಸಿಮೆಂಟ್ ಇಳಿಸಿದ ಬಳಿಕ ಸೆಪ್ಟೆಂಬರ್ 19ರಂದು ಬಾವಿ ‘ಸತ್ತಿದೆ’ ಎಂದು ಸಾರಲಾಯಿತು. ತೈಲದ ಲೆಕ್ಕದ ಜಗಳ ಮಾತ್ರ ಮುಂದುವರಿಯಿತು: ಬಾವಿಯಿಂದ ಹೊರಬಂದದ್ದು 49 ಲಕ್ಷ ಬ್ಯಾರೆಲ್ ಎಂದು ಸರ್ಕಾರ ಅಂದಾಜಿಸಿದರೆ, 2015ರಲ್ಲಿ ನ್ಯಾಯಾಲಯ 40 ಲಕ್ಷವೆಂದಿತು.