ಹುತ್ತ ಕಲಿಸುವ ಪಾಠ: ನಮ್ಮೂರಿಗೆ ಹೊಂದುವ ಹೊಸ ಮನೆ



ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ. ಸೊಲ್ಲಾಪುರದ ಬೇಸಿಗೆ 40 ಡಿಗ್ರಿ ದಾಟುತ್ತದೆ. ಆದರೂ ಎರಡೂ ಕಡೆ ಏಳುತ್ತಿರುವ ಹೊಸ ಮನೆಗಳು ಹೆಚ್ಚುಕಡಿಮೆ ಒಂದೇ ಬಗೆ: ತೆಳು ಗೋಡೆ, ಬಿಸಿಲಿಗೆ ಕಾಯುವ ಆರ್‌ಸಿಸಿ ತಾರಸಿ. ಆಮೇಲೆ ಸೋರಿಕೆಗೆ ಶೀಟು, ಸೆಕೆಗೆ ಏಸಿ. ಆ ಕರೆಂಟ್ ಬಿಲ್ಲು ಮುಂದಿನ ಪೀಳಿಗೆಯೂ ಕಟ್ಟಬೇಕು.

ಬೇರೆ ದಾರಿಯಿದೆ. ಜಿಂಬಾಬ್ವೆಯ ಹರಾರೆಯಲ್ಲಿ 1996ರಲ್ಲಿ ಮುಗಿದ ಈಸ್ಟ್‌ಗೇಟ್ ಕಟ್ಟಡಕ್ಕೆ ವಾಸ್ತುಶಿಲ್ಪಿ ಮಿಕ್ ಪಿಯರ್ಸ್ ಗೆದ್ದಲು ಹುತ್ತದಿಂದ ಸ್ಫೂರ್ತಿ ಪಡೆದರು. ಅದರ ಭಾರಿ ಕಾಂಕ್ರೀಟ್ ಹಗಲಿನ ಬಿಸಿ ಹೀರಿಕೊಳ್ಳುತ್ತದೆ. ರಾತ್ರಿ ಫ್ಯಾನುಗಳು ತಂಪು ಗಾಳಿ ಹಾಯಿಸುತ್ತವೆ, ಬಿಸಿ ಗಾಳಿ ಚಿಮಣಿಗಳಿಂದ ಮೇಲೆ ಹೋಗುತ್ತದೆ. ಮಾಮೂಲಿ ಏಸಿ ವ್ಯವಸ್ಥೆಯೇ ಅಲ್ಲಿಲ್ಲ.

ಅಕ್ಕಲಕೋಟೆ, ಜತ್ತ, ಆದೋನಿ ಕಡೆಯವರಿಗೆ ಇದು ಹೊಸದಲ್ಲ. ದಪ್ಪ ಗೋಡೆಯ ಮಾಳಿಗೆ ಮನೆ, ಮೇಲೊಂದು ಬೆಳಕಿಂಡಿ ಮಾಡುತ್ತಿದ್ದುದೂ ಇದೇ ಕೆಲಸ. ಆದರೆ ಈ ಉಪಾಯ ನಡೆಯುವುದು ರಾತ್ರಿ ತಂಪಾಗುವ ಒಣ ನಾಡಿನಲ್ಲಿ ಮಾತ್ರ. ಕರಾವಳಿಯ ರಾತ್ರಿಯಲ್ಲೂ ಸೆಕೆ ಇರುವುದರಿಂದ ಅಲ್ಲಿ ಗಾಳಿ ಓಡಾಡುವುದೇ ಮುಖ್ಯ.

ಹೊಸ ಮನೆ ಕಟ್ಟುವವರು ಗಮನಿಸಬೇಕಾದದ್ದು:

* ಬಿಸಿಲ ನಾಡು: ಪಡುವಣ ಗೋಡೆಗೆ ಕಿಟಕಿ ಕಡಿಮೆ ಮಾಡಿ, ಹೊರಗೆ ಮರ ನೆಡಿ. ತಾರಸಿಗೆ ಬಿಳಿ ಸುಣ್ಣ ಬಳಿಯಿರಿ. ಕೇರಳದಲ್ಲಿ ಲಾರಿ ಬೇಕರ್ ಬಳಕೆಗೆ ತಂದ ‘ರ‍್ಯಾಟ್ ಟ್ರ್ಯಾಪ್’ ಗೋಡೆಯಲ್ಲಿ ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಪೊಳ್ಳು ಬಿಡುತ್ತಾರೆ. ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುತ್ತದೆ, ಬಿಸಿಯೂ ಒಳಗೆ ಬೇಗ ಬರುವುದಿಲ್ಲ.
* ಮಳೆ ನಾಡು: ಕೆಂಪುಕಲ್ಲಿನ ಗೋಡೆ, ಇಳಿಜಾರು ಹಂಚಿನ ಮಾಡು, ಗೋಡೆ ನೆನೆಯದಂತೆ ಉದ್ದ ಸೂರು, ಎದುರುಬದುರು ಕಿಟಕಿ.
* ನೀಲಗಿರಿಯ ಚಳಿ: ದಕ್ಷಿಣಕ್ಕೆ ಕಿಟಕಿಯಿಟ್ಟರೆ ಚಳಿಗಾಲದ ಬಿಸಿಲು ಒಳಗೆ ಬರುತ್ತದೆ.
* ನೀರು: 1000 ಚದರ ಅಡಿ ತಾರಸಿಯ ಮೇಲೆ 500 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 46,000 ಲೀಟರ್. ಅರ್ಧ ಹಿಡಿದರೂ ಎಷ್ಟೋ ಟ್ಯಾಂಕರ್ ಉಳಿಯಿತು.

ಹಳೆ ಮನೆ ಕೆಡವುವ ಮುನ್ನ ಏಪ್ರಿಲ್ ಮಧ್ಯಾಹ್ನ ಒಮ್ಮೆ ಅದರೊಳಗೆ ಕುಳಿತು ನೋಡಿ. ಯಾವ ಕೋಣೆ ತಂಪು, ಗಾಳಿ ಎಲ್ಲಿಂದ ಬರುತ್ತದೆ ಎಂದು ಬರೆದಿಟ್ಟುಕೊಳ್ಳಿ. ಆ ಚೀಟಿಯನ್ನು ಎಂಜಿನಿಯರರ ಕೈಗೆ ಕೊಟ್ಟ ಮೇಲೆಯೇ ನಕಾಶೆ ಬರೆಸಿ. ಕೆಡವಲೇಬೇಕಾದರೆ ಕಲ್ಲು, ತೊಲೆ, ಬಾಗಿಲು, ಹಂಚು ಜೋಪಾನವಾಗಿ ಇಳಿಸಿ. ಹೊಸ ಮನೆಗೆ ಅವೇ ಬೇಕಾಗುತ್ತವೆ.