ಕ್ಷಾಮ ಕಂಡ ಅಧಿಕಾರಿ, ಟೋಕನ್ ಹಾಲು

ದೆಹಲಿಗೆ ಬಂದ ಹೊಸದರಲ್ಲಿ ಮದರ್ ಡೈರಿ ಬೂತಿನಲ್ಲಿ ಟೋಕನ್ ಹಾಕಿ, ಪಾತ್ರೆ ಒಡ್ಡಿ ಹಾಲು ಹಿಡಿಯುವುದೇ ನನಗೊಂದು ಸೋಜಿಗ. ಈ ಬೂತುಗಳ ಕಥೆ ಕೆದಕಿದರೆ ಮೊದಲು ಸಿಗುವ ಹೆಸರು ವರ್ಗೀಸ್ ಕುರಿಯನ್. ಅವರನ್ನು ಎಲ್ಲರೂ ಬಲ್ಲರು. ಇನ್ನೂ ಹಿಂದಕ್ಕೆ ಹೋದರೆ ನಾವು ಮರೆತೇಬಿಟ್ಟಿರುವ ಒಬ್ಬ ಅಧಿಕಾರಿ ಸಿಗುತ್ತಾರೆ: ಬಿನಯ್ ರಂಜನ್ ಸೇನ್.

1898ರಲ್ಲಿ ಅಸ್ಸಾಮಿನ ದಿಬ್ರುಗಢದಲ್ಲಿ ಹುಟ್ಟಿದವರು. ಆಕ್ಸ್‌ಫರ್ಡ್ ಓದು, ಆಮೇಲೆ ಐಸಿಎಸ್. 1942-43ರಲ್ಲಿ ಅವರು ಬಂಗಾಳದ ಪರಿಹಾರ ಆಯುಕ್ತರು. ಬರ್ಮಾ ಜಪಾನಿನ ಕೈಸೇರಿ ಅಲ್ಲಿನ ಅಕ್ಕಿ ನಿಂತಿತ್ತು. ಶತ್ರುವಿಗೆ ಸಿಗಬಾರದೆಂದು ಸರ್ಕಾರವೇ ಕರಾವಳಿಯ ದೋಣಿಗಳನ್ನು ಕಿತ್ತುಕೊಂಡಿತ್ತು. ಅಕ್ಟೋಬರ್‌ನಲ್ಲಿ ಮಿಡ್ನಾಪುರಕ್ಕೆ ಚಂಡಮಾರುತ ಬಡಿಯಿತು. ಮುಂದಿನದು ಗೊತ್ತೇ ಇದೆ, ಸುಮಾರು 30 ಲಕ್ಷ ಸಾವು. ಅಕ್ಕಿ ಇತ್ತು, ಕೊಳ್ಳುವ ಶಕ್ತಿ ಇರಲಿಲ್ಲ.

ಆ ಆಡಳಿತದ ಭಾಗವಾಗಿದ್ದವರನ್ನು ಆ ಸಾವುಗಳಿಂದ ಪೂರ್ತಿ ಹೊರಗಿಟ್ಟು ನೋಡಲು ನನಗಂತೂ ಆಗುವುದಿಲ್ಲ. ನೀತಿ ಅವರದಲ್ಲ, ನಿಜ. ಆದರೆ ಫೈಲು ಅವರ ಮೇಜಿನ ಮೇಲೂ ಇತ್ತು. ಅವರ ಮುಂದಿನ ಐವತ್ತು ವರ್ಷಗಳನ್ನು ನಾನು ಓದುವುದು ಈ ಅಸಮಾಧಾನ ಇಟ್ಟುಕೊಂಡೇ.

ಸ್ವಾತಂತ್ರ್ಯದ ನಂತರ ರೋಮ್, ವಾಷಿಂಗ್ಟನ್, ಟೋಕಿಯೋಗಳಲ್ಲಿ ರಾಯಭಾರಿಯಾಗಿದ್ದು, 1956ರಲ್ಲಿ ರೋಮ್‌ನಲ್ಲಿರುವ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) ಮಹಾನಿರ್ದೇಶಕರಾದರು. ಬಡ ದೇಶವೊಂದರಿಂದ ಆ ಕುರ್ಚಿಗೆ ಬಂದವರಲ್ಲಿ ಮೊದಲಿಗರು. ಅಂಕಿಅಂಶ, ತಾಂತ್ರಿಕ ಸಲಹೆಗಳಲ್ಲೇ ಮುಳುಗಿದ್ದ ಸಂಸ್ಥೆ ಅದು. 1960ರಲ್ಲಿ ಸೇನ್ ‘ಹಸಿವಿನಿಂದ ಬಿಡುಗಡೆ’ ಆಂದೋಲನ ಶುರು ಮಾಡಿ ಹಸಿವಿನ ಮಾತನ್ನು ಸಚಿವಾಲಯಗಳಿಂದ ಶಾಲೆ, ಚರ್ಚು, ಸಂಘಗಳವರೆಗೆ ಎಳೆದು ತಂದರು. 1963ರಲ್ಲಿ ಭಾರತವೂ ಸೇರಿದಂತೆ ಹತ್ತಾರು ದೇಶಗಳು ಇದಕ್ಕಾಗಿ ಅಂಚೆಚೀಟಿ ತಂದವು.

ಅವರ ಕಾಲದಲ್ಲೇ, 1961ರಲ್ಲಿ, ವಿಶ್ವ ಆಹಾರ ಕಾರ್ಯಕ್ರಮಕ್ಕೆ ಒಪ್ಪಿಗೆ ಸಿಕ್ಕಿತು. ಪ್ರಸ್ತಾಪ ಇಟ್ಟವರು ಅಮೆರಿಕದ ಜಾರ್ಜ್ ಮೆಕ್‌ಗವರ್ನ್. ಮೂರು ವರ್ಷದ ಪ್ರಯೋಗ, ಅಂದರೆ ನಮ್ಮ ಐಟಿಯವರ ಬಾಯಲ್ಲಿ ಪೈಲಟ್. 1963ರ ಜನವರಿಯಲ್ಲಿ ಶುರುವಾಗಬೇಕಿತ್ತು. ಅಷ್ಟರಲ್ಲಿ 1962ರ ಸೆಪ್ಟೆಂಬರ್‌ನಲ್ಲಿ ಇರಾನಿನಲ್ಲಿ ಭೂಕಂಪವಾಗಿ 12 ಸಾವಿರಕ್ಕೂ ಹೆಚ್ಚು ಜನ ಸತ್ತರು. ಗೋ-ಲೈವ್ ದಿನಾಂಕಕ್ಕೆ ಕಾಯದೆ ಗೋಧಿ, ಸಕ್ಕರೆ, ಚಹಾ ಹೊರಟಿತು.

ಹಂಚುವುದು ಸುಲಭ, ಹಂಚಿದ್ದರಿಂದ ಏನು ಉಳಿಯುತ್ತದೆ ಎಂಬುದು ಕಷ್ಟದ ಪ್ರಶ್ನೆ. ಆಹಾರವನ್ನೇ ಅಭಿವೃದ್ಧಿಯ ಬಂಡವಾಳ ಮಾಡಬೇಕೆಂಬ ವಿಚಾರ ಈ ಕಾರ್ಯಕ್ರಮದಲ್ಲಿ ಮೊದಲಿಂದಲೂ ಇತ್ತು. ಅದರ ದೊಡ್ಡ ಪರೀಕ್ಷೆ ನಡೆದದ್ದು ನಮ್ಮಲ್ಲಿ, 1970ರ ಆಪರೇಷನ್ ಫ್ಲಡ್‌ನಲ್ಲಿ. 1967ರಲ್ಲೇ ನಿವೃತ್ತರಾಗಿದ್ದ ಸೇನ್‌ಗೆ ಅದರ ಶ್ರೇಯ ಕೊಡಲಾಗದು. ಯುರೋಪಿನಲ್ಲಿ ಮಿಕ್ಕಿದ ಹಾಲಿನ ಪುಡಿ, ಬೆಣ್ಣೆ ಎಣ್ಣೆ ಈ ಕಾರ್ಯಕ್ರಮದ ಮೂಲಕವೇ ಬಂತು. ಪುಕ್ಕಟೆ ಹಂಚಿದ್ದರೆ ಹಾಲಿನ ಬೆಲೆ ಬಿದ್ದು, ನಮ್ಮ ರೈತ ಎಮ್ಮೆ ಮಾರಿಬಿಡುತ್ತಿದ್ದ. ಅದನ್ನು ಮುಂಬೈ, ದೆಹಲಿ, ಕೋಲ್ಕತಾ, ಚೆನ್ನೈಗಳ ಡೈರಿಗಳಲ್ಲಿ ಹಾಲಾಗಿಸಿ ಮಾರಿದರು. ಬಂದ ಹಣದಿಂದ ಹಳ್ಳಿಗಳ ಹಾಲು ಸಂಘ, ಶೀತಲ ಕೇಂದ್ರಗಳನ್ನು ಕಟ್ಟಿದರು. ಆಮದು ಪುಡಿಯ ಚಟ ಹತ್ತುತ್ತದೆ ಎಂಬ ಟೀಕೆಯೂ ಜೋರಾಗಿತ್ತು. ಆಗ ಅದು ನ್ಯಾಯವಾದ ಭಯವೇ. ದೆಹಲಿಯ ಮದರ್ ಡೈರಿ ಹುಟ್ಟಿದ್ದು ಇದೇ ಯೋಜನೆಯಲ್ಲಿ, 1974ರಲ್ಲಿ.

ಸೇನ್ 1993ರಲ್ಲಿ ತೀರಿಕೊಂಡರು. ಹೊಲಗದ್ದೆಗಳಲ್ಲಿ ಕೆಲಸ ಮಾಡುವ ಅಧಿಕಾರಿಗಳಿಗೆ ಎಫ್‌ಎಒ ಅವರ ಹೆಸರಿನಲ್ಲಿ ಪ್ರಶಸ್ತಿ ಇಟ್ಟಿದೆ.

ಊರಿನಿಂದ ಬಂದಿದ್ದ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವರ ಶಾಲೆಯಲ್ಲೂ ಅರವತ್ತರ ದಶಕದಲ್ಲಿ ಹೊರದೇಶದ ಪುಡಿಯ ಹಾಲು ಕೊಡುತ್ತಿದ್ದರು. ಅದರ ದಾರಿ ಬೇರೆ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದೆ. ಅಪ್ಪ ಬೂತಿನ ಹಾಲು ಕುಡಿಯುತ್ತಾ, “ಗಂಟು ಗಂಟಾಗಿರ್ತಿತ್ತು ಮಾರಾಯ, ಆದ್ರೂ ಇನ್ನೊಂದು ಲೋಟಕ್ಕೆ ಸಾಲಲ್ಲಿ ನಿಲ್ತಿದ್ವಿ” ಎಂದರು.