ಕ್ವಾದ್ರಿಲಾತೆರೋ ದೆಲ್ಲಾ ಮೋದಾ

ಕ್ವಾದ್ರಿಲಾತೆರೋ ದೆಲ್ಲಾ ಮೋದಾ ಇಟಲಿಯ ಮಿಲಾನ್ ನಗರದ ನಡುಭಾಗದಲ್ಲಿರುವ, ದುಬಾರಿ ಉಡುಪು, ಪಾದರಕ್ಷೆ ಹಾಗೂ ಆಭರಣಗಳ ಮಳಿಗೆಗಳಿಗೆ ಹೆಸರಾದ ಪ್ರದೇಶ. ಇಟಾಲಿಯನ್ ಭಾಷೆಯಲ್ಲಿ ಈ ಹೆಸರಿಗೆ 'ಫ್ಯಾಷನ್ನಿನ ಚತುರ್ಭುಜ' ಎಂದರ್ಥ. ವಿಯಾ ಮೊಂತೆನಾಪೊಲೆಯೋನೆ, ವಿಯಾ ಮಂಜೋನಿ, ವಿಯಾ ದೆಲ್ಲಾ ಸ್ಪೀಗಾ ಮತ್ತು ಕೊರ್ಸೊ ವೆನೇತ್ಸಿಯಾ ಎಂಬ ನಾಲ್ಕು ಬೀದಿಗಳು ಇದರ ಎಲ್ಲೆಗಳು. ಇದು ಒಂದೇ ಸೂರಿನಡಿಯ ಮಾಲ್ ಅಲ್ಲ. ಬಾಗಿಲಾಗಲೀ ಪ್ರವೇಶ ಶುಲ್ಕವಾಗಲೀ ಇಲ್ಲದ ಸಾರ್ವಜನಿಕ ಬೀದಿಗಳ ಗುಂಪು. ಆದ್ದರಿಂದ ಏನನ್ನೂ ಕೊಳ್ಳದೆ, ಮಳಿಗೆಗಳ ಗಾಜಿನ ಪ್ರದರ್ಶನಗಳನ್ನೂ ಹಳೆಯ ಕಟ್ಟಡಗಳನ್ನೂ ನೋಡಲೆಂದೇ ಬರುವ ಪ್ರವಾಸಿಗರೂ ಉಂಟು.

ಹೆಸರು ಮತ್ತು ಇತಿಹಾಸ

ವಿಯಾ ಮೊಂತೆನಾಪೊಲೆಯೋನೆ ಪ್ರಾಚೀನ ರೋಮನ್ನರ ಕೋಟೆಗೋಡೆಯ ಜಾಡಿನಲ್ಲಿ ಸಾಗುತ್ತದೆ. 'ಮೊಂತೆ' ಎಂದರೆ ಬೆಟ್ಟ. ಆದರೆ ಮಿಲಾನ್ ಬಯಲುಸೀಮೆಯ ಊರು, ಇಲ್ಲಿ ನೆಪೋಲಿಯನ್ನನ ಬೆಟ್ಟವೆಂಬುದು ಯಾವುದೂ ಇಲ್ಲ. ಇಲ್ಲಿನ 'ಮೊಂತೆ' ಹಣದ ರಾಶಿ, ಅಂದರೆ ಸಾಲದ ವ್ಯವಹಾರ ನಡೆಸುವ ಸಂಸ್ಥೆ. 18ನೆಯ ಶತಮಾನದ ಕೊನೆಯ ಭಾಗದಲ್ಲಿ, ಆಸ್ಟ್ರಿಯದ ಆಳ್ವಿಕೆಯ ಕಾಲಕ್ಕೆ, ಸರ್ಕಾರದ ಸಾಲವನ್ನು ನಿರ್ವಹಿಸುವ ಸಂಸ್ಥೆಯೊಂದು ಈ ಬೀದಿಯಲ್ಲಿತ್ತು. ಫ್ರೆಂಚರು ಬಂದಾಗ ಮುಚ್ಚಿಹೋದ ಅದು 1804ರಲ್ಲಿ ನೆಪೋಲಿಯನ್ನನ ಹೆಸರಿನಲ್ಲಿ ಮತ್ತೆ ತೆರೆಯಿತು. ಬೀದಿಗೂ ಅದೇ ಹೆಸರು ಉಳಿಯಿತು.

19ನೆಯ ಶತಮಾನದಲ್ಲಿ ಇದು ಶ್ರೀಮಂತ ಮನೆತನಗಳ ವಸತಿ ಪ್ರದೇಶವಾಗಿತ್ತು. ಇಟಲಿಯ ಫ್ಯಾಷನ್ನಿನ ಕೇಂದ್ರ ಆರಂಭದಲ್ಲಿ ಮಿಲಾನ್ ಆಗಿರಲಿಲ್ಲ. 1951ರಿಂದ ವಿದೇಶಿ ಖರೀದಿದಾರರಿಗಾಗಿ ಪ್ರದರ್ಶನಗಳು ನಡೆಯುತ್ತಿದ್ದುದು ಫ್ಲಾರೆನ್ಸ್‌ನಲ್ಲಿ. 1970ರ ದಶಕದಲ್ಲಿ ಸಿದ್ಧ ಉಡುಪುಗಳ ಉದ್ಯಮ ಬೆಳೆದಾಗ, ಬಟ್ಟೆ ಗಿರಣಿಗಳು, ಪತ್ರಿಕೆಗಳು ಮತ್ತು ಬ್ಯಾಂಕುಗಳು ಹತ್ತಿರದಲ್ಲಿದ್ದ ಮಿಲಾನ್ ಮುಂದೆ ಬಂತು. ಜಾರ್ಜಿಯೊ ಅರ್ಮಾನಿ 1975ರಲ್ಲಿ, ಜಾನ್ನಿ ವೆರ್ಸಾಚೆ 1978ರಲ್ಲಿ ತಮ್ಮ ಸಂಸ್ಥೆಗಳನ್ನು ಈ ನಗರದಲ್ಲಿಯೇ ಸ್ಥಾಪಿಸಿದರು.

ಬಾಡಿಗೆ ಮತ್ತು ಬದಲಾವಣೆ

ಕುಶ್ಮನ್ ಅಂಡ್ ವೇಕ್‌ಫೀಲ್ಡ್ ಸಂಸ್ಥೆಯ 2024ರ ವರದಿಯಲ್ಲಿ ವಿಯಾ ಮೊಂತೆನಾಪೊಲೆಯೋನೆ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂವನ್ನು ಹಿಂದಿಕ್ಕಿ, ಜಗತ್ತಿನಲ್ಲೇ ಅತಿ ಹೆಚ್ಚು ಮಳಿಗೆ ಬಾಡಿಗೆಯ ಬೀದಿ ಎನಿಸಿಕೊಂಡಿತು. ಆಗಿನ ದರ ಚದರ ಮೀಟರಿಗೆ ವರ್ಷಕ್ಕೆ ಸುಮಾರು 20,000 ಯೂರೋ. ಅದೇ ವರ್ಷ ಫ್ರಾನ್ಸಿನ ಕೆರಿಂಗ್ ಸಂಸ್ಥೆ ಈ ಬೀದಿಯ 8ನೆಯ ಸಂಖ್ಯೆಯ ಕಟ್ಟಡವನ್ನು 130 ಕೋಟಿ ಯೂರೋಗಳಿಗೆ ಕೊಂಡಿತು.

ಇಂತಹ ಬಾಡಿಗೆಯನ್ನು ಸಣ್ಣ ವ್ಯಾಪಾರಿಗಳು ತೆರಲಾರರು. ಹಳೆಯ ಹೆಸರುಗಳು ಉಳಿದಿರುವಲ್ಲಿಯೂ ಒಡೆತನ ಬದಲಾಗಿದೆ. 1817ರಲ್ಲಿ ಆರಂಭವಾಗಿ 1950ರಲ್ಲಿ ಈ ಬೀದಿಗೆ ಬಂದ ಕೋವಾ ಕಾಫಿಗೃಹ 2013ರಲ್ಲಿ ಎಲ್‌ವಿಎಂಎಚ್ ಸಮೂಹದ ಪಾಲಾಯಿತು. 1824ರ ಮಾರ್ಕೇಸಿ ಸಿಹಿತಿಂಡಿ ಸಂಸ್ಥೆಯನ್ನು ಮರುವರ್ಷವೇ ಪ್ರಾದಾ ತನ್ನದಾಗಿಸಿಕೊಂಡಿತು. ಹೀಗಾಗಿ ಪ್ರವಾಸಿಗ ಇಲ್ಲಿ ಕುಡಿಯುವ ಕಾಫಿಯೂ ಬಹುಮಟ್ಟಿಗೆ ಫ್ಯಾಷನ್ ಕಂಪನಿಗಳದೇ. ಇಟಲಿಯ ಬೇರೆಡೆಗಳಂತೆ ಇಲ್ಲಿಯೂ ಕಟ್ಟೆಯ ಬಳಿ ನಿಂತು ಕುಡಿದರೆ ಕುಳಿತು ಕುಡಿಯುವುದಕ್ಕಿಂತ ಬೆಲೆ ಕಡಿಮೆ.

ವಸ್ತುಸಂಗ್ರಹಾಲಯಗಳು

ಮಳಿಗೆಗಳಾಗುವ ಮೊದಲು ಈ ಮನೆಗಳ ಒಳಭಾಗ ಹೇಗಿತ್ತೆಂಬುದನ್ನು ವಿಯಾ ಜೆಸೂವಿನ ಬಗಾತ್ತಿ ವಾಲ್ಸೆಕ್ಕಿ ಸಂಗ್ರಹಾಲಯ ತೋರಿಸುತ್ತದೆ. ಫೌಸ್ತೋ ಮತ್ತು ಜುಸೆಪ್ಪೆ ಎಂಬ ಸೋದರರು 19ನೆಯ ಶತಮಾನದ ಕೊನೆಯಲ್ಲಿ ತಮ್ಮ ಮನೆಯನ್ನು ನವೋದಯ ಕಾಲದ ಶೈಲಿಯಲ್ಲಿ ಸಜ್ಜುಗೊಳಿಸಿ, ಅದರಲ್ಲಿಯೇ ವಾಸವಾಗಿದ್ದರು. ಅದು 1994ರಿಂದ ಸಾರ್ವಜನಿಕರಿಗೆ ತೆರೆದಿದೆ. ವಿಯಾ ಸಾಂತಾಂದ್ರೆಯಾದ ಪಲಾತ್ಸೊ ಮೊರಾಂದೊದಲ್ಲಿ ಹಳೆಯ ಉಡುಪುಗಳ ಸಂಗ್ರಹವಿದೆ. ವಿಯಾ ಮಂಜೋನಿಯಲ್ಲಿ ಪೋಲ್ದಿ ಪೆತ್ಸೋಲಿ ಕಲಾಸಂಗ್ರಹಾಲಯವೂ, ಸಂಗೀತ ಸಂಯೋಜಕ ವೆರ್ದಿ 1901ರಲ್ಲಿ ಕೊನೆಯುಸಿರೆಳೆದ ಗ್ರಾಂಡ್ ಹೋಟೆಲೂ ಇವೆ.

ಖರೀದಿ ಮತ್ತು ತೆರಿಗೆ ವಾಪಸಾತಿ

ಇಟಲಿಯ ಕಾನೂನಿನಂತೆ ಅಂಗಡಿಯ ಗಾಜಿನ ಹಿಂದೆ ಪ್ರದರ್ಶಿಸಿದ ಸರಕಿಗೆ ಸಾಮಾನ್ಯವಾಗಿ ಬೆಲೆ ನಮೂದಿಸಬೇಕು. ಕೈಚೀಲದ ಕೆಳಗೆ ಇಟ್ಟಿರುವ ಪುಟ್ಟ ಚೀಟಿಯನ್ನು ಓದಿದರೆ, ಒಳಗೆ ಹೋಗಿ ಬೆಲೆ ಕೇಳುವ ಮುಜುಗರ ತಪ್ಪುತ್ತದೆ. ರಿಯಾಯಿತಿ ಮಾರಾಟ ವರ್ಷಕ್ಕೆರಡು ಬಾರಿ, ಜನವರಿ ಮತ್ತು ಜುಲೈ ತಿಂಗಳ ಆರಂಭದಲ್ಲಿ ತೊಡಗುತ್ತದೆ.

ಬೆಲೆಯಲ್ಲಿ ಶೇಕಡಾ 22ರ ಮೌಲ್ಯವರ್ಧಿತ ತೆರಿಗೆ ಸೇರಿರುತ್ತದೆ. 1,220 ಯೂರೋ ಬೆಲೆಯ ಚೀಲದಲ್ಲಿ ತೆರಿಗೆ 220 ಯೂರೋ. ಯುರೋಪಿಯನ್ ಒಕ್ಕೂಟದ ಹೊರಗೆ ವಾಸಿಸುವವರು ಸ್ವಂತ ಬಳಕೆಗಾಗಿ 70 ಯೂರೋಗಳಿಗಿಂತ ಹೆಚ್ಚಿನ ಖರೀದಿ ಮಾಡಿದರೆ ತೆರಿಗೆಯನ್ನು ಮರಳಿ ಪಡೆಯಬಹುದು. 2024ರ ಫೆಬ್ರವರಿಗೆ ಮೊದಲು ಈ ಮಿತಿ 154.94 ಯೂರೋ ಇತ್ತು. ಇಲ್ಲಿ ಲೆಕ್ಕಕ್ಕೆ ಬರುವುದು ಪೌರತ್ವವಲ್ಲ, ವಾಸಸ್ಥಳ: ಬೆಂಗಳೂರಿನಿಂದ ಬಂದ ಪ್ರವಾಸಿಗನಿಗೆ ಈ ಸೌಲಭ್ಯ ಉಂಟು, ಉದ್ಯೋಗನಿಮಿತ್ತ ಜರ್ಮನಿಯಲ್ಲಿ ನೆಲೆಸಿರುವ ಕನ್ನಡಿಗನಿಗೆ ಪಾಸ್‌ಪೋರ್ಟ್ ಭಾರತದ್ದಾದರೂ ಇಲ್ಲ. ಕೊಳ್ಳುವಾಗಲೇ ಪಾಸ್‌ಪೋರ್ಟ್ ತೋರಿಸಿ ದಾಖಲೆ ಪಡೆಯಬೇಕು. ಖರೀದಿಯ ತಿಂಗಳು ಮುಗಿದ ಮೂರು ತಿಂಗಳೊಳಗೆ ಬಳಸದ ಸರಕಿನೊಡನೆ ಒಕ್ಕೂಟವನ್ನು ತೊರೆಯುವಾಗ ಸುಂಕದ ಅಧಿಕಾರಿಗಳಿಂದ ದೃಢೀಕರಣ ಮಾಡಿಸಬೇಕು. ಮಧ್ಯವರ್ತಿ ಸಂಸ್ಥೆಗಳು ಶುಲ್ಕ ಕಡಿದುಕೊಳ್ಳುವುದರಿಂದ ಕೈಗೆ ಬರುವ ಮೊತ್ತ ಪೂರ್ಣ ತೆರಿಗೆಗಿಂತ ಕಡಿಮೆ. ಭಾರತಕ್ಕೆ ಮರಳುವಾಗ ಸುಂಕರಹಿತ ಮಿತಿಯನ್ನು ಮೀರಿದ ಸರಕಿಗೆ ಸುಂಕ ತೆರಬೇಕಾಗುವುದರಿಂದ, ಮಿಲಾನ್‌ನಲ್ಲಿ ಕಂಡ ಉಳಿತಾಯ ಊರಿನ ವಿಮಾನ ನಿಲ್ದಾಣದಲ್ಲಿ ಕರಗುವುದೂ ಉಂಟು.

ಬೀದಿಬದಿಯಲ್ಲಿ ನಕಲಿ ಬ್ರಾಂಡಿನ ವಸ್ತುಗಳನ್ನು ಮಾರುವುದಷ್ಟೇ ಅಲ್ಲ, ಕೊಳ್ಳುವುದಕ್ಕೂ ಇಟಲಿಯಲ್ಲಿ ದಂಡವಿದೆ.

ಸಂಪರ್ಕ

ಮೂರನೆಯ ಮೆಟ್ರೊ ಮಾರ್ಗದ ಮೊಂತೆನಾಪೊಲೆಯೋನೆ ಹಾಗೂ ಒಂದು ಮತ್ತು ನಾಲ್ಕನೆಯ ಮಾರ್ಗಗಳ ಸಾನ್ ಬಾಬಿಲಾ ನಿಲ್ದಾಣಗಳು ಸಮೀಪದಲ್ಲಿವೆ. ಮಹಿಳಾ ಉಡುಪುಗಳ ಫ್ಯಾಷನ್ ವಾರ ನಡೆಯುವ ಫೆಬ್ರವರಿ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಜನಸಂದಣಿಯೂ ಹೋಟೆಲುಗಳ ದರವೂ ಏರುತ್ತವೆ.